ಅಂಗಡಿಯ ಬಾಟಲಿ ಬೇಡ, ಕಾಚಂಪುಳಿ ಕಳಿಸಿದ್ದೇನೆ

ಪ್ರೀತಿಯ ಪುಟ್ಟಿ,

ಭಾನುವಾರ ಗೆಳತಿಯರಿಗೆ ನೀನೇ ಸಲಾಡ್ ಮಾಡಿ ಬಡಿಸುತ್ತೀಯ ಅಂತ ಕೇಳಿ ತುಂಬಾ ಖುಷಿಯಾಯ್ತು. ಫೋನಲ್ಲಿ ಹೇಳಿದರೆ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಅಣ್ಣ ಶುಕ್ರವಾರ ರಾತ್ರಿ ಬಸ್ಸಿಗೆ ಸೋಮವಾರಪೇಟೆಯಿಂದ ಹೊರಡುತ್ತಾನೆ. ಅವನ ಕೈಲಿ ಈ ಪತ್ರ, ಹತ್ತು ಕಿತ್ತಳೆ, ಒಂದು ಸಣ್ಣ ಬಾಟಲಿ ನಮ್ಮ ಕೊಡಗಿನ ಕಪ್ಪು ಹುಳಿ ಕಾಚಂಪುಳಿ, ಜೇನು, ಕರಿಮೆಣಸು ಇದೆ. ಸಲಾಡ್ ಮೇಲೆ ಸುರಿಯುವ ಆ ಬಿಳಿ ಡ್ರೆಸ್ಸಿಂಗ್ ಮಾತ್ರ ದಯವಿಟ್ಟು ತರಬೇಡ. ಅದನ್ನು ಹಾಕಿದರೆ ಸೊಪ್ಪು, ಹಣ್ಣು, ಚೀಸ್ ಎಲ್ಲದಕ್ಕೂ ಒಂದೇ ರುಚಿ ಬರುತ್ತದೆ. ಹುಳಿ ಸರಿಯಾಗಿದ್ದರೆ ಸಲಾಡ್ ಮುಕ್ಕಾಲು ಗೆದ್ದ ಹಾಗೆ.

ನಮ್ಮ ಪಕ್ಕದ ತೋಟದ ಕೊಡವರ ಮನೆಯವರು ಮಳೆಗಾಲದಲ್ಲಿ ಕಾಚಂಪುಳಿ ಮಾಡುವುದನ್ನು ನೀನೂ ನೋಡಿದ್ದೀಯ. ಮಲೆನಾಡಿನ ಕಡೆ ಉಪ್ಪಾಗೆ ಅಂತಾರಲ್ಲ, ಅದೇ ಹಣ್ಣು. ಮಾಗಿದ ಹಣ್ಣನ್ನು ಬುಟ್ಟಿಯಲ್ಲಿ ರಾಶಿ ಹಾಕಿ, ತೊಟ್ಟಿಕ್ಕುವ ರಸವನ್ನು ಹಿಡಿದು, ಕಪ್ಪಾಗಿ ಗಟ್ಟಿಯಾಗುವವರೆಗೆ ಕಾಯಿಸುತ್ತಾರೆ. ವರ್ಷಗಟ್ಟಲೆ ಕೆಡುವುದಿಲ್ಲ. ಪಂದಿ ಕರಿಗೆ, ಅಂದರೆ ಕೊಡವರ ಹಂದಿ ಸಾರಿಗೆ, ಮಾತ್ರ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಹಸಿ ಸೊಪ್ಪಿಗೂ ಅದು ಎಷ್ಟು ಚೆನ್ನಾಗಿ ಹೊಂದುತ್ತದೆ ಅಂತ ನೀನೇ ನೋಡು. ಆದರೆ ಅದರ ಹುಳಿ ಬಹಳ ಚುರುಕು. ವಿನೆಗರ್ ಲೆಕ್ಕದಲ್ಲಿ ಸುರಿದರೆ ಬಾಯಿಗಿಡಲು ಆಗುವುದಿಲ್ಲ.

ನಾಲ್ಕು ಜನಕ್ಕೆ ಹೀಗೆ ಮಾಡು. ಮುಚ್ಚಳ ಇರುವ ಒಂದು ಗಾಜಿನ ಬಾಟಲಿ ತೊಗೋ. 3 ದೊಡ್ಡ ಚಮಚ ಎಣ್ಣೆ, 1 ದೊಡ್ಡ ಚಮಚ ಕಿತ್ತಳೆ ರಸ, ಅರ್ಧ ಟೀ ಚಮಚ ಕಾಚಂಪುಳಿ, 1 ಟೀ ಚಮಚ ಜೇನು, ಕಾಲು ಟೀ ಚಮಚ ನುಣ್ಣಗೆ ಅರೆದ ಸಾಸಿವೆ, ಉಪ್ಪು, ಜಜ್ಜಿದ ಕರಿಮೆಣಸು. ಮುಚ್ಚಳ ಬಿಗಿಮಾಡಿ ಚೆನ್ನಾಗಿ ಕುಲುಕು. ಎಣ್ಣೆಯೂ ಹುಳಿಯೂ ತಾವಾಗಿ ಸೇರುವುದಿಲ್ಲ. ಕುಲುಕಿದಾಗ ಎಣ್ಣೆ ಸಣ್ಣ ಸಣ್ಣ ಹನಿಯಾಗುತ್ತದೆ. ಆ ಹನಿಗಳು ಬೇಗ ಬೇರೆಯಾಗದ ಹಾಗೆ ಸಾಸಿವೆ, ಜೇನು ತಡೆಯುತ್ತವೆ. ಬಾಟಲಿಯಲ್ಲಿ ಮಂದ ಕಂದುಬಣ್ಣ ಬಂದರೆ ಸರಿಯಾಯ್ತು ಅಂತ ಲೆಕ್ಕ. ಒಂದು ಎಲೆ ಅದ್ದಿ ತಿಂದು ನೋಡು. ಬೆರಳಿಂದ ಚೀಪಿ ನೋಡಿದರೆ ಗೊತ್ತಾಗುವುದಿಲ್ಲ, ಎಲೆಯ ಜೊತೆಗೇ ಗೊತ್ತಾಗುವುದು.

ಎಣ್ಣೆಗೆ ಗಾಣದ ಕಡಲೆಕಾಯಿ ಎಣ್ಣೆ ಸಾಕು, ಆಲಿವ್ ಎಣ್ಣೆ ಇದ್ದರೆ ಅದೂ ಆಗುತ್ತದೆ. ಕೊಬ್ಬರಿ ಎಣ್ಣೆ ಬೇಡ. ಈ ಚಳಿಗೆ ಎಲೆಯ ಮೇಲೇ ಹೆಪ್ಪುಗಟ್ಟುತ್ತದೆ. ದಪ್ಪ ಆಗ್ತೀನಿ ಅಂತ ಎಣ್ಣೆ ಬಿಟ್ಟು ನಿಂಬೆಹಣ್ಣು ಮಾತ್ರ ಹಿಂಡಿಕೊಳ್ತೀಯಲ್ಲ, ಅದು ನನಗೆ ಇಷ್ಟವಿಲ್ಲ ಮಗಳೇ. ಸೊಪ್ಪಿನ ಬೀಟಾ ಕ್ಯಾರೊಟಿನ್, ವಿಟಮಿನ್ ಕೆ ಮೈಗೆ ಹತ್ತಬೇಕಾದರೆ ಸ್ವಲ್ಪ ಕೊಬ್ಬು ಬೇಕೇ ಬೇಕು.

ಇನ್ನು ಸೊಪ್ಪು. ಲೆಟ್ಯೂಸ್, ಎಳೆ ಪಾಲಕ್, ಒಂದು ಹಿಡಿ ಪುದೀನ ತೊಗೋ. ಒಂದೆಲಗ ಸಿಕ್ಕರೆ ಎಂಟ್ಹತ್ತು ಎಲೆ ಹಾಕು, ಅದರ ಸಣ್ಣ ಕಹಿ ಕಿತ್ತಳೆಯ ಪಕ್ಕ ಚೆನ್ನಾಗಿರುತ್ತದೆ. ದೊಡ್ಡ ಪಾತ್ರೆ ತುಂಬ ನೀರಿಟ್ಟು ಸೊಪ್ಪು ಮುಳುಗಿಸಿ ಅಲ್ಲಾಡಿಸು. ಮಣ್ಣು ತಳಕ್ಕೆ ಇಳಿಯುತ್ತದೆ. ಆಮೇಲೆ ಸೊಪ್ಪನ್ನು ಕೈಯಿಂದ ಮೇಲಕ್ಕೆತ್ತು. ನೀರಿನ ಸಮೇತ ಬಗ್ಗಿಸಿದರೆ ಆ ಮಣ್ಣೆಲ್ಲ ಮತ್ತೆ ಎಲೆಗೇ ಬರುತ್ತದೆ. ನೀರು ತಿಳಿಯಾಗುವವರೆಗೆ ಹೀಗೇ ತೊಳೆ. ಬಾಡಿದ ಎಲೆಯನ್ನು ತಣ್ಣೀರಲ್ಲಿ ಹದಿನೈದು ನಿಮಿಷ ಬಿಡು, ನೀರು ಕುಡಿದು ಮತ್ತೆ ಗರಿಗರಿಯಾಗುತ್ತದೆ.

ಆಮೇಲೆ ಒಣಗಿಸಬೇಕು. ಇದೊಂದು ಕೆಲಸದಲ್ಲಿ ಸೋಮಾರಿತನ ಮಾಡಬೇಡ. ಹಳೇ ಹತ್ತಿಬಟ್ಟೆಯ ಮೇಲೆ ಸೊಪ್ಪು ಹರಡಿ, ಸಡಿಲವಾಗಿ ಸುತ್ತಿ, ಮೆಲ್ಲಗೆ ತಟ್ಟು. ಬಟ್ಟೆ ಒದ್ದೆಯಾದರೆ ಇನ್ನೊಂದು ಬಟ್ಟೆ. ಎಲೆಯ ಮೇಲೆ ನೀರಿನ ಹನಿ ನಿಂತಿದ್ದರೆ ಎಣ್ಣೆ ಅಲ್ಲಿ ಹಿಡಿಯುವುದೇ ಇಲ್ಲ, ಜಾರಿ ತಳ ಸೇರುತ್ತದೆ. ಆಮೇಲೆ ಮೇಲಿನ ಎಲೆ ಸಪ್ಪೆ, ತಳದ್ದು ಬರೀ ಹುಳಿ.

ಕಿತ್ತಳೆ ನಮ್ಮ ತೋಟದ್ದೇ. ಸಿಪ್ಪೆ ಹಸಿರು ಹಳದಿ ಇದೆ ಅಂತ ಕಾಯಿ ಅಂದುಕೊಳ್ಳಬೇಡ, ಕೊಡಗಿನ ಕಿತ್ತಳೆ ಇರುವುದೇ ಹಾಗೆ. ಗ್ರೀನಿಂಗ್ ರೋಗ ಬಂದು ಎಷ್ಟೋ ಕಾಫಿ ತೋಟಗಳಲ್ಲಿ ಕಿತ್ತಳೆ ಮರಗಳು ಹೋದವು. ನಮ್ಮಲ್ಲಿ ಉಳಿದವನ್ನು ಅಪ್ಪ ಮಕ್ಕಳ ಹಾಗೆ ನೋಡಿಕೊಳ್ಳುತ್ತಾರೆ, ನಿನಗೇ ಗೊತ್ತಲ್ಲ. ಎರಡು ಹಣ್ಣು ಸಾಕು. ತೊಳೆ ಬಿಡಿಸಿ, ನಾರು ತೆಗೆದು, ಬೀಜದ ಕಡೆ ಸ್ವಲ್ಪ ಸೀಳಿ ಬೀಜ ಹಿಂಡಿ ತೆಗಿ. ಹಸಿ ಅನಾನಸ್, ಪಪ್ಪಾಯ ಮಾತ್ರ ಚೀಸ್ ಇರುವ ಸಲಾಡ್‌ಗೆ ಬೇಡ. ಅವುಗಳಲ್ಲಿರುವ ಕಿಣ್ವ ಹಾಲಿನ ಪ್ರೋಟೀನನ್ನು ಒಡೆಯುತ್ತದೆ, ಸ್ವಲ್ಪ ಹೊತ್ತಿಟ್ಟರೆ ಕಹಿಯಾಗುತ್ತದೆ. ಬೆಣ್ಣೆಹಣ್ಣು ಹಾಕೋಣ ಅಂದರೆ ನಮ್ಮಲ್ಲಿ ಅದರ ಕಾಲ ಮಳೆಗಾಲ, ಈಗಲ್ಲ.

ಫೆಟಾನೇ ಬೇಕು ಅಂತಿದ್ದೆ. ಅದು ಗ್ರೀಸ್ ದೇಶದ ಚೀಸ್. ಹೆಚ್ಚಾಗಿ ಕುರಿಹಾಲಿನದ್ದು, ಉಪ್ಪುನೀರಲ್ಲಿ ನೆನೆಸಿಡುತ್ತಾರೆ. ಅದಕ್ಕೆ ದುಡ್ಡು ಸುರಿಯುವುದು ಯಾಕೆ? 100 ಗ್ರಾಂ ತಾಜಾ ಪನೀರನ್ನು ಒಂದು ಲೋಟ ನೀರಿಗೆ ಎರಡು ಟೀ ಚಮಚ ಉಪ್ಪು ಹಾಕಿ ಫ್ರಿಜ್ಜಿನಲ್ಲಿ ರಾತ್ರಿಯಿಡೀ ನೆನೆಸು. ಫೆಟಾದ ಹುಳಿ ಬರುವುದಿಲ್ಲ ನಿಜ, ಹುಳಿಗೆ ಕಾಚಂಪುಳಿ ಇದೆಯಲ್ಲ. ಚಾಕು ಬೇಡ, ಕೈಯಲ್ಲೇ ಒರಟಾಗಿ ಪುಡಿಮಾಡು.

ಅಕ್ರೋಟೋ ಗೋಡಂಬಿಯೋ ಒಂದು ಹಿಡಿ, ಸಣ್ಣ ಉರಿಯಲ್ಲಿ ಹುರಿ. ಘಮ ಬಂದ ತಕ್ಷಣ ತಟ್ಟೆಗೆ ಹಾಕಿ ಪೂರ್ತಿ ಆರಿಸು. ಅಕ್ರೋಟು ತರುವಾಗ ಒಂದು ತಿಂದು ನೋಡು, ಕಮಟಾಗಿದ್ದರೆ ಬೇಡ.

ಎಲ್ಲ ಬೇರೆ ಬೇರೆ ಇಟ್ಟುಕೊಂಡು, ಎಲ್ಲರೂ ಕೂತ ಮೇಲೆ ಕಲಸು. ಕೋಸಂಬರಿಗೆ ಉಪ್ಪು ಮೊದಲೇ ಹಾಕಿದರೆ ನೀರು ಬಿಡುತ್ತಲ್ಲ, ಇದೂ ಹಾಗೇ. ಮೊದಲು ಸೊಪ್ಪಿಗೆ ಅರ್ಧ ಡ್ರೆಸ್ಸಿಂಗ್ ಹಾಕಿ ಕೈಯಿಂದ ಹಗುರವಾಗಿ ಕಲಸು, ಬೇಕಾದರೆ ಇನ್ನಷ್ಟು. ಆಮೇಲೆ ಕಿತ್ತಳೆ, ಪನೀರು, ಕೊನೆಗೆ ಅಕ್ರೋಟು. ಉಳಿದ ಡ್ರೆಸ್ಸಿಂಗ್ ಫ್ರಿಜ್ಜಿನಲ್ಲಿ ಮೂರು ನಾಲ್ಕು ದಿನ ಇರುತ್ತದೆ, ಆಫೀಸಿಗೂ ತೊಗೊಂಡು ಹೋಗಬಹುದು. ಅಣ್ಣನಿಗೂ ಒಂದು ಬಟ್ಟಲು ಎತ್ತಿಡು. ಸೊಪ್ಪು ಅಂದರೆ ಮುಖ ಸಿಂಡರಿಸುತ್ತಾನೆ, ಕಿತ್ತಳೆ ಜಾಸ್ತಿ ಹಾಕಿ ಕೊಡು, ತಿಂತಾನೆ.

ನಿನ್ನ ಅಮ್ಮ