ಮಂಗನ ಕಾಯಿಲೆ: ಕೊಟ್ಟಿಗೆಯಲ್ಲೂ ಸಂಶೋಧನೆ ಆಗಲಿ

ಮಾನ್ಯ ಸಂಪಾದಕರೇ,

ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆಯ ಹೊಸ ಲಸಿಕೆ ಮನುಷ್ಯರ ಮೇಲಿನ ಪ್ರಯೋಗದ ಹಂತಕ್ಕೆ ಬಂದಿರುವುದು ಮಲೆನಾಡಿನವರಿಗೆ ದೊಡ್ಡ ಸಮಾಧಾನ. ಹಳೇ ಲಸಿಕೆ 2022ರಲ್ಲಿ ನಿಂತ ಮೇಲೆ ನಾವು ಉಣುಗು ಕಚ್ಚದಂತೆ ಮೈಗೆ ಹಚ್ಚುವ ಎಣ್ಣೆಯನ್ನೇ ನಂಬಿಕೊಂಡಿದ್ದೇವೆ. ಆದರೆ ಲಸಿಕೆ ಬಂದುಬಿಟ್ಟರೆ ಎಲ್ಲ ಮುಗಿಯಿತು ಅಂತ ಕೂರುವ ಹಾಗಿಲ್ಲ. ಸಾಗರದ ಕಡೆ ದನಗಳ ಔಷಧೋಪಚಾರದಲ್ಲೇ ನೌಕರಿ ಮುಗಿಸಿದವನು ನಾನು. ಅದಕ್ಕೇ ಈ ಮಾತು.

ಮಳೆಗಾಲದಲ್ಲಿ ಕಾಡಿಗೆ ಮೇಯಲು ಹೋಗಿಬಂದ ಹಸುವಿನ ಕಿವಿ ಮಡಚಿ ನೋಡಿ. ರಕ್ತ ಕುಡಿದು ಊದಿದ ಉಣುಗುಗಳು ಹರಳುಬೀಜದಂತೆ ಕಚ್ಚಿಕೊಂಡಿರುತ್ತವೆ. ಹೊಟ್ಟೆ ತುಂಬಿದ ಹೆಣ್ಣು ಉಣುಗು ಉದುರಿ, ತರಗೆಲೆಯ ಅಡಿಯಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಬೇಸಿಗೆಯಲ್ಲಿ ಸೊಪ್ಪಿಗೆ, ದರಗಿಗೆ (ಒಣ ಎಲೆಗೆ) ಹೋದವರನ್ನು ಕಚ್ಚುವುದು ಇದರ ಮರಿಗಳು. ಕಣ್ಣಿಗೆ ಸುಲಭಕ್ಕೆ ಬೀಳುವುದೂ ಇಲ್ಲ. ಈ ವೈರಸ್‌ನಿಂದ ಹಸು ಕಾಯಿಲೆ ಬೀಳುವುದಿಲ್ಲ, ಆದರೆ ಉಣುಗಿನ ಸಂತಾನ ಬೆಳೆಯುವುದು ಅದರ ರಕ್ತದಲ್ಲೇ. ಹೀಗಿರುವಾಗ ಪಶುವೈದ್ಯರನ್ನು ಬಿಟ್ಟು ಈ ಕಾಯಿಲೆಯ ಸಂಶೋಧನೆ ಮಾಡುವುದು ಹೇಗೆ?

ಹಿಂದಿನವರು ಹಾಗೆ ಬಿಟ್ಟಿರಲಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಹಳದಿ ಜ್ವರ ಬಂತೇ ಎಂಬ ಭಯವಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಇದು ಹೊಸ ವೈರಸ್ ಎಂದು ಕಂಡುಹಿಡಿದರು. ರಷ್ಯಾದ ಉಣುಗು ಜ್ವರಕ್ಕೆ ಇದು ಹತ್ತಿರದ ನಂಟು. ಹಾಗಾದರೆ ವಲಸೆ ಹಕ್ಕಿಗಳು ಹೊತ್ತು ತಂದವೇ? ಅದನ್ನು ತಿಳಿಯಲು ಸಲೀಂ ಅಲಿ ಅವರಂಥ ಪಕ್ಷಿತಜ್ಞರೂ ಕೈಜೋಡಿಸಿದರು. ಕಾಡು ಕಡಿದು ದನ ಮೇಯಲು ಬಿಟ್ಟದ್ದಕ್ಕೂ ಈ ಕಾಯಿಲೆಗೂ ಇರುವ ಸಂಬಂಧವನ್ನು ಬೋಶೆಲ್ ಎಂಬ ವಿಜ್ಞಾನಿ 1969ರಲ್ಲೇ ಬರೆದಿಟ್ಟರು. ಡಾಕ್ಟರು, ಕೀಟ ತಜ್ಞರು, ಹಕ್ಕಿ ನೋಡುವವರು ಎಲ್ಲರೂ ಒಂದೇ ಕಾಡಿನಲ್ಲಿ ಓಡಾಡಿದ ಕಾಲ ಅದು.

ಇವತ್ತು ಮಂಗ ಸತ್ತರೆ ಅರಣ್ಯ ಇಲಾಖೆ, ಜ್ವರ ಬಂದರೆ ಆರೋಗ್ಯ ಇಲಾಖೆ, ಉಣುಗು ಕಂಡರೆ ಪಶು ಇಲಾಖೆ. ಸತ್ತ ಮಂಗನ ಮೈಯಿಂದ ಉಣುಗುಗಳು ಇಳಿದು ಸುತ್ತ ಹರಡುತ್ತವೆ. ಅಲ್ಲಿ ಒಂದೊಂದು ದಿನ ತಡವಾದರೂ ಅಪಾಯ ಜಾಸ್ತಿ, ಅಲ್ವಾ?

ಪತ್ತೆಯ ವಿಷಯವೂ ಇಷ್ಟೇ ಮುಖ್ಯ. ಜ್ವರದ ಮೊದಲ ದಿನಗಳಲ್ಲಿ ರಕ್ತದಲ್ಲಿ ವೈರಸ್ ಇರುತ್ತದೆ, ಪಿಸಿಆರ್ ಪರೀಕ್ಷೆಯಲ್ಲಿ ಸಿಗುತ್ತದೆ. ಬ್ಯಾಟರಿಯಲ್ಲಿ ನಡೆಯುವ ಟ್ರೂನಾಟ್ ಯಂತ್ರಕ್ಕೂ ಮಂಗನ ಕಾಯಿಲೆಯ ಪರೀಕ್ಷೆಯನ್ನು ನಮ್ಮ ದೇಶದವರೇ ರೂಪಿಸಿದ್ದಾರೆ. ಕಾಡಂಚಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಅದು ಕಾಯಿಲೆಯ ಕಾಲ ಶುರುವಾಗುವ ಡಿಸೆಂಬರ್‌ಗೆ ಮೊದಲೇ ತಲುಪಬೇಕು. ಇನ್ನು ಈ ವೈರಸ್ಸನ್ನೇ ಕೊಲ್ಲುವ ಔಷಧ ಇವತ್ತಿಗೂ ಇಲ್ಲ. ರಕ್ತಸ್ರಾವ ನೋಡಿಕೊಂಡು, ಡ್ರಿಪ್ ಹಾಕಿ, ಜ್ವರ ಇಳಿಸುವುದಷ್ಟೇ ಡಾಕ್ಟರ ಕೈಲಾಗುವುದು. 2019ರಲ್ಲಿ ನಮ್ಮ ತಾಲ್ಲೂಕಿನ ಅರಳಗೋಡಿನ ಸುತ್ತ ಈ ಕಾಯಿಲೆಯಿಂದ ಸಾವಾದ ಮನೆಗಳವರನ್ನು ಕೇಳಿ ನೋಡಿ, ಔಷಧ ಯಾಕೆ ಬೇಕು ಅಂತ ಹೇಳುತ್ತಾರೆ.

ಸರ್ಕಾರ ಲಸಿಕೆಯ ಜೊತೆಗೇ ಔಷಧ ಮತ್ತು ಉಣುಗಿನ ಸಂಶೋಧನೆಗೂ ಹಣ ಇಡಲಿ. ವೈದ್ಯರು, ಪಶುವೈದ್ಯರು, ಕೀಟ ತಜ್ಞರು, ಅರಣ್ಯದವರು ವರ್ಷವಿಡೀ ಒಟ್ಟಿಗೆ ಕೆಲಸ ಮಾಡುವ ಕೇಂದ್ರವೊಂದು ಮಲೆನಾಡಿನಲ್ಲೇ ಆಗಲಿ. ಅಡಿಕೆ ತೋಟದ ಕೂಲಿಯವರನ್ನೂ ದನ ಕಾಯುವವರನ್ನೂ ಅದರ ಸಭೆಗೆ ಕರೆಯಲಿ. ಯಾವ ಹಾದಿಯಲ್ಲಿ ಉಣುಗು ಜಾಸ್ತಿ ಅಂತ ಅವರಿಗೆ ಗೊತ್ತು.

– ನಿವೃತ್ತ ಪಶುವೈದ್ಯಕೀಯ ಪರೀಕ್ಷಕ, ಸಾಗರ ತಾಲ್ಲೂಕು