ಇನ್ನು ಮುಂದೆ ಡೆಲ್ಲಿ ಗಾಡಿ ಕೆಎ ನಂಬರ್ ಬಿದ್ದ ಮೇಲೆಯೇ ನಿಮ್ಮ ಕೈಗೆ

ಆತ್ಮೀಯ ಗ್ರಾಹಕರಿಗೆ ದಾವಣಗೆರೆಯ ನಿಮ್ಮ ಹಳೇ ಕಾರಿನ ಅಂಗಡಿಯಿಂದ ನಮಸ್ಕಾರ.

ಬರುವ ತಿಂಗಳ 1ನೇ ತಾರೀಖಿನಿಂದ ಹೊರರಾಜ್ಯದ ನಂಬರ್ ಪ್ಲೇಟ್ ಇರುವ ಯಾವ ಕಾರನ್ನೂ ನಾವು ಹಾಗೇ ಕೊಡುವುದಿಲ್ಲ. ಗಾಡಿ ಡೆಲ್ಲಿಯದಿರಲಿ, ಹರಿಯಾಣದ್ದಿರಲಿ, ಮಹಾರಾಷ್ಟ್ರದ್ದಿರಲಿ, ನಿಮ್ಮ ಹೆಸರಿಗೆ ಆರ್‌ಸಿ ಆಗಿ ಕೆಎ ನಂಬರ್ ಬಿದ್ದ ಮೇಲೆಯೇ ಕೀ ಕೊಡುತ್ತೇವೆ. ನಾವು ಹೇಳುವ ರೇಟಿನಲ್ಲೇ ಕರ್ನಾಟಕದ ಲೈಫ್ ಟ್ಯಾಕ್ಸ್ (ಒಂದೇ ಸಲ ಕಟ್ಟುವ ವಾಹನ ತೆರಿಗೆ) ಸೇರಿರುತ್ತದೆ. "ಗಾಡಿ ರೇಟ್ ಬೇರೆ, ಪಾಸಿಂಗ್ (ಇಲ್ಲಿನ ನಂಬರ್ ಮಾಡಿಸುವ) ಖರ್ಚು ಬೇರೆ" ಅನ್ನುವ ಹಳೇ ಪದ್ಧತಿ ಇನ್ನಿಲ್ಲ.

ಇದರಿಂದ ನಿಮಗೆ ಎರಡು ತೊಂದರೆ. ರೇಟ್ ಜಾಸ್ತಿ ಕಾಣುತ್ತದೆ. ಅಡ್ವಾನ್ಸ್ ಕೊಟ್ಟ ದಿನವೇ ಗಾಡಿ ಮನೆ ಮುಂದೆ ನಿಲ್ಲುವುದಿಲ್ಲ. ಎರಡಕ್ಕೂ ಕ್ಷಮೆ ಇರಲಿ. ಆದರೆ "ಇವರಿಗೂ ದುಡ್ಡಿನ ಮದ ಬಂತು" ಅನ್ನುವ ಮಾತು ಬೆಣ್ಣೆ ದೋಸೆ ಹೋಟೆಲುಗಳಿಂದ ನಮ್ಮ ಕಿವಿಗೂ ಬಿದ್ದಿದೆ. ಹಳೇ ಜಾಗದಲ್ಲಿ ತಗಡಿನ ಶೆಡ್ ಇದ್ದ ಕಾಲದಿಂದ ಬರುತ್ತಿರುವವರು ಹೀಗೆ ಹೇಳಿರಲಾರರು ಅಂದುಕೊಂಡಿದ್ದೇವೆ. ಯಾರೇ ಹೇಳಿರಲಿ, ಲೆಕ್ಕ ಬಿಚ್ಚಿಡುವುದು ನಮ್ಮ ಕೆಲಸ.

ನಾವು ದಿನಾ ಕೇಳುವ ಪ್ರಶ್ನೆ ಒಂದೇ. "ಇದೇ ಮಾಡೆಲ್ ಡೆಲ್ಲಿಯಲ್ಲಿ ಮೂರು ಲಕ್ಷಕ್ಕೆ ಸಿಗ್ತಿದೆ ಅಂತ ಫೋನಿನಲ್ಲಿ ತೋರಿಸ್ತಿದೆ. ಟ್ಯಾಕ್ಸ್ ಅಲ್ಲೇ ಕಟ್ಟಿದ್ದಾರಲ್ಲ. ಮತ್ತೆ ನೀವ್ಯಾಕೆ ಅಷ್ಟೊಂದು ಹೇಳ್ತೀರಿ?"

ಟ್ಯಾಕ್ಸ್ ಕಟ್ಟಿರುವುದು ನಿಜ. ಕಟ್ಟಿದ್ದು ಡೆಲ್ಲಿ ಸರ್ಕಾರಕ್ಕೆ. ವಾಹನ ತೆರಿಗೆ ರಾಜ್ಯಗಳ ಕೈಯಲ್ಲಿರುವ ವಿಷಯ. ಅಲ್ಲಿ ಕಟ್ಟಿದ್ದು ಇಲ್ಲಿ ಜಮೆ ಆಗುವುದಿಲ್ಲ. ಹೊಸದರಲ್ಲಿ 9 ಲಕ್ಷ ಇದ್ದ ಪೆಟ್ರೋಲ್ ಕಾರು ಅಂತ ಇಟ್ಟುಕೊಳ್ಳಿ. ಡೆಲ್ಲಿಯಲ್ಲಿ ಅದಕ್ಕೆ 7%, ಅಂದರೆ 63,000 ರೂಪಾಯಿ. ಅದೇ ಕಾರು ಕರ್ನಾಟಕದಲ್ಲಿ ಹೊಸದಾಗಿ ಇಳಿದಿದ್ದರೆ 14%, ಅಂದರೆ 1,26,000. ಅದರ ಮೇಲೆ ಸೆಸ್ ಬೇರೆ. ಇಲ್ಲಿ 10 ಲಕ್ಷ ದಾಟಿದರೆ 17%, 20 ಲಕ್ಷ ದಾಟಿದರೆ 18%. ಡೆಲ್ಲಿ ಗಾಡಿ ಅಗ್ಗ ಆಗಲು ಇದೊಂದು ಕಾರಣ. ಅಲ್ಲಿನವರು ನಮಗಿಂತ ಕಡಿಮೆ ಟ್ಯಾಕ್ಸ್ ಕೊಟ್ಟು ಕೊಂಡಿದ್ದರು, ಕಡಿಮೆಗೇ ಮಾರುತ್ತಾರೆ.

ಜನ ಎಡವುವುದು ಇನ್ನೊಂದು ಕಡೆ. ಹಳೇ ಗಾಡಿಗೆ ಇಲ್ಲಿ ಟ್ಯಾಕ್ಸ್ ಹಾಕುವುದು ನೀವು ಕೊಂಡ ರೇಟಿನ ಮೇಲಲ್ಲ. ಅದು ಹೊಸದಿದ್ದಾಗಿನ ಬೆಲೆಯ ಮೇಲೆ. ಗಾಡಿಗೆ ವಯಸ್ಸಾದಷ್ಟೂ ಟ್ಯಾಕ್ಸ್ ಇಳಿಯುತ್ತದೆ, ನಿಜ. ಆದರೆ ಹೊಸದರಲ್ಲಿ 22 ಲಕ್ಷ ಇದ್ದ ಎಸ್‌ಯುವಿಯನ್ನು ನೀವು 7 ಲಕ್ಷಕ್ಕೆ ತಂದರೂ ಲೆಕ್ಕ ಶುರುವಾಗುವುದು 22 ಲಕ್ಷದ 18 ಪರ್ಸೆಂಟಿನಿಂದಲೇ. ಆರ್‌ಟಿಒ ಕೌಂಟರ್ ಮುಂದೆ ನಿಂತು ಆ ಮೊತ್ತ ಕೇಳಿದವರು ನೇರ ಬಂದು ಬೈಯುವುದು ನಮ್ಮನ್ನು. ಆ ಹಣದಲ್ಲಿ ನಮಗೆ ಒಂದು ರೂಪಾಯಿಯೂ ಬರುವುದಿಲ್ಲ. ಡೆಲ್ಲಿಯ ಟ್ಯಾಕ್ಸ್ ವಾಪಸ್ ಬರಲ್ವಾ ಅಂತಲೂ ಕೇಳುತ್ತೀರಿ. ರೀಫಂಡ್ ಕೊಡುವ ನಿಯಮ ಕೆಲವು ರಾಜ್ಯಗಳಲ್ಲಿದೆ. ಆದರೆ ಅರ್ಜಿ ಹಾಕಬೇಕಾದದ್ದು ಅಲ್ಲಿನ ಕಚೇರಿಗೆ. ಅದನ್ನು ನಂಬಿ ನಾವು ರೇಟ್ ಕಡಿಮೆ ಮಾಡಲು ಆಗುವುದಿಲ್ಲ.

"ಒಂದು ವರ್ಷ ಡಿಎಲ್ (ಡೆಲ್ಲಿ) ನಂಬರಿನಲ್ಲೇ ಓಡಿಸ್ತೀನಿ, ಯಾರು ಕೇಳ್ತಾರೆ?" ಅನ್ನುವವರಿಗೂ ಒಂದು ಮಾತು. ಆ 12 ತಿಂಗಳ ಅವಕಾಶ ಇರುವುದು ತನ್ನದೇ ಗಾಡಿಯನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ತಂದವರಿಗೆ. ಕರ್ನಾಟಕ ಸರ್ಕಾರ 2014ರಲ್ಲಿ ಹೊರರಾಜ್ಯದ ಗಾಡಿ ಇಲ್ಲಿ 30 ದಿನ ದಾಟಿದರೆ ಟ್ಯಾಕ್ಸ್ ಅಂದಾಗ ಹೈಕೋರ್ಟ್ 2016ರಲ್ಲಿ ಅದನ್ನು ತಳ್ಳಿಹಾಕಿದ್ದು ಅಂಥವರ ವಿಷಯದಲ್ಲಿ. ನೀವು ಗಾಡಿ ಕೊಂಡವರು. ಕೊಂಡ 30 ದಿನದೊಳಗೆ ನಿಮ್ಮ ಊರಿನ ಆರ್‌ಟಿಒಗೆ ತಿಳಿಸಬೇಕು ಅಂತ ಮೋಟಾರು ವಾಹನ ಕಾಯ್ದೆಯೇ ಹೇಳುತ್ತದೆ. 2025ರಲ್ಲಿ ಬೆಂಗಳೂರಿನಲ್ಲಿ ಮಹಾರಾಷ್ಟ್ರ ನಂಬರಿನ ಫೆರಾರಿಗೆ 1.41 ಕೋಟಿ ಟ್ಯಾಕ್ಸ್ ಕಟ್ಟಿಸಿಕೊಂಡ ಸುದ್ದಿ ಓದಿ ನಾವೆಲ್ಲ ನಕ್ಕೆವು. ನಮ್ಮ ಗಿರಾಕಿಯ ಸ್ವಿಫ್ಟನ್ನು ಚೆಕ್‌ಪೋಸ್ಟಿನಲ್ಲಿ ನಿಲ್ಲಿಸಿದಾಗ ನಗು ಬರಲಿಲ್ಲ. ಮಗಳ ಮದುವೆ ಓಡಾಟಕ್ಕೆ ಅಂತ ಕೊಂಡ ಗಾಡಿ ಅದು. ಪಾಸಿಂಗ್ ಆಮೇಲೆ ಮಾಡಿಸ್ತೀನಿ ಅಂದವರು ಮಾಡಿಸಿರಲಿಲ್ಲ. ಫೋನ್ ಬಂದಿದ್ದು ನಮಗೆ. ಇಂಥ ಫೋನುಗಳು ಹೆಚ್ಚಾದದ್ದೇ ಈ ಬದಲಾವಣೆಗೆ ಕಾರಣ.

ರಾಜ್ಯ ಬದಲಾದರೂ ನಡೆಯುವ ಬಿಎಚ್ (ಭಾರತ್) ನಂಬರ್ ಹಾಕಿಸಿಕೊಡಿ ಅನ್ನುವವರು, ಅದು ಸರ್ಕಾರಿ ನೌಕರರಿಗೆ, ಸೈನಿಕರಿಗೆ ಮತ್ತು ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಕಂಪನಿಗಳ ನೌಕರರಿಗೆ ಮಾತ್ರ ಅನ್ನುವುದನ್ನು ನೆನಪಿಡಿ. ಅಡಿಕೆ ಮಂಡಿ ಇಟ್ಟವರಿಗೆ ಸಿಗುವುದಿಲ್ಲ.

ಡೆಲಿವರಿ ಯಾಕೆ ತಡ? ಗಾಡಿ ಹೊರಗೆ ಒಯ್ಯಲು ಅಲ್ಲಿನ ಆರ್‌ಟಿಒ ಕೊಡುವ ಒಪ್ಪಿಗೆ ಪತ್ರ, ಅಂದರೆ ಎನ್‌ಒಸಿ, ಸುಮ್ನೆ "ಕರ್ನಾಟಕಕ್ಕೆ" ಅಂತ ಬರುವುದಿಲ್ಲ, ಒಂದು ನಿರ್ದಿಷ್ಟ ಆರ್‌ಟಿಒ ಹೆಸರಿಗೆ ಬರುತ್ತದೆ. ದಾವಣಗೆರೆಗೆ ತೆಗೆಸಿಟ್ಟು, ಕೊಳ್ಳುವವರು ಶಿವಮೊಗ್ಗದವರಾದರೆ ಮತ್ತೆ ಮೊದಲಿಂದ ಶುರು. ಅದಕ್ಕೇ ಗಿರಾಕಿ ಯಾರು, ಆಧಾರ್‌ನಲ್ಲಿ ವಿಳಾಸ ಯಾವುದು ಅಂತ ಗೊತ್ತಾಗದೆ ನಾವು ಅರ್ಜಿ ಹಾಕುವಂತಿಲ್ಲ. ಮೊದಲ ಮಾಲೀಕರ ಲೋನ್ ಬಾಕಿ ಇದ್ದರೆ ಅದು ತೀರಿತು ಅನ್ನುವ ಫಾರಂ 35 ಬ್ಯಾಂಕಿನಿಂದ ಬೇಕು. ಗುರುಗ್ರಾಮದ ಯಾವುದೋ ಸಿಗ್ನಲ್ ದಾಟಿದ ಹಳೇ ಚಲನ್ ಇದ್ದರೆ ಅದನ್ನೂ ತೀರಿಸಬೇಕು. ಆಮೇಲೆ ಇಲ್ಲಿ ಫಾರಂ 27 (ಹೊಸ ನಂಬರಿನ ಅರ್ಜಿ), ಗಾಡಿ ತಪಾಸಣೆ, ಟ್ಯಾಕ್ಸ್, ಹೊಸ ಪ್ಲೇಟ್. ಈ ಓಡಾಟ ಈವರೆಗೆ ನಿಮ್ಮದಾಗಿತ್ತು. ಇನ್ನು ನಮ್ಮದು. ಅದಕ್ಕೆ ಹುಡುಗರನ್ನು ಇಟ್ಟಿದ್ದೇವೆ, ಅವರಿಗೆ ಸಂಬಳ ಕೊಡಬೇಕು.

ನಮ್ಮ ಕಷ್ಟವನ್ನೂ ಸ್ವಲ್ಪ ಕೇಳಿ. 2025ರ ಜನವರಿಯಿಂದ ನಮ್ಮಂಥ ಡೀಲರುಗಳು ಸಣ್ಣ ಹಳೇ ಕಾರಿನ ಮಾರ್ಜಿನ್ (ಕೊಂಡ ಮತ್ತು ಮಾರಿದ ರೇಟಿನ ವ್ಯತ್ಯಾಸ) ಮೇಲೆ ಕಟ್ಟುವ ಜಿಎಸ್‌ಟಿ 12ರಿಂದ 18 ಪರ್ಸೆಂಟಿಗೆ ಏರಿತು. ಅದೇ ವರ್ಷ ಸೆಪ್ಟೆಂಬರ್ 22ರಿಂದ ಹೊಸ ಸಣ್ಣ ಕಾರುಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು. ಹೊಸದು ಅಗ್ಗವಾಯಿತು, ಒಳ್ಳೆಯದೇ. ಹಳೇ ರೇಟಿಗೆ ತಂದು ಯಾರ್ಡಿನಲ್ಲಿ ನಿಲ್ಲಿಸಿದ್ದ ನಮ್ಮ ಗಾಡಿಗಳ ಗತಿ? ಆ ದಸರಾ, ದೀಪಾವಳಿ ಹೇಗೆ ಕಳೆಯಿತು ಅನ್ನುವುದು ಆಗ ಬಂದುಹೋದವರಿಗೆ ಗೊತ್ತು. ಆಗಲೂ ಒಬ್ಬರ ಅಡ್ವಾನ್ಸನ್ನೂ ಮುಳುಗಿಸಿಲ್ಲ. ಎದೆ ತಟ್ಟಿ ಹೇಳುತ್ತೇವೆ.

ಇನ್ನು ಡೆಲ್ಲಿಯ ಡೀಸೆಲ್ ಗಾಡಿಗಳ ವಿಷಯ. ಅಲ್ಲಿ 10 ವರ್ಷ ದಾಟಿದ ಡೀಸೆಲ್ ಓಡಬಾರದು ಅನ್ನುವ ಎನ್‌ಜಿಟಿ (ರಾಷ್ಟ್ರೀಯ ಹಸಿರು ನ್ಯಾಯಮಂಡಳಿ) ಆದೇಶವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದಿತ್ತು. 2025ರ ಜುಲೈ 1ರಿಂದ ಅಂಥ ಗಾಡಿಗೆ ಬಂಕಿನಲ್ಲಿ ಡೀಸೆಲ್ಲೇ ಹಾಕಬಾರದು ಅಂದರು, ಕೆಲವೇ ದಿನಕ್ಕೆ ಅದು ನಿಂತಿತು. ಆಗಸ್ಟಿನಲ್ಲಿ ಕೋರ್ಟು ಮಾಲೀಕರ ಮೇಲೆ ಬಲವಂತದ ಕ್ರಮ ಬೇಡ ಅಂದಿತು. ಈ ಗೊಂದಲದಲ್ಲಿ ಹೆದರಿ ಮಾರಿದವರ ಗಾಡಿಗಳು ದಕ್ಷಿಣಕ್ಕೆ ಸಾಲುಸಾಲಾಗಿ ಬಂದವು. ಅದರಲ್ಲಿ ಚಿನ್ನದಂಥವೂ ಇವೆ, ಓಡಿದ ಕಿಲೋಮೀಟರ್ ಕಡಿಮೆ ತೋರಿಸಲು ಮೀಟರ್ ತಿರುಗಿಸಿದವೂ ಇವೆ. ಸರ್ವಿಸ್ ಹಿಸ್ಟರಿ ಸಿಗದ ಗಾಡಿಯನ್ನು ನಾವು ತರುವುದಿಲ್ಲ, ಎಷ್ಟೇ ಅಗ್ಗ ಇರಲಿ. ಗಾಡಿ ನೀರಿನಲ್ಲಿ ಮುಳುಗಿತ್ತಾ ಅಂತ ತಿಳಿಯಲು ಕಾರ್ಪೆಟ್ ಎತ್ತಿ ಕೆಳಗೆ ಕೆಸರಿನ ಕಲೆ ಇದೆಯಾ ಅಂತ ನಮ್ಮ ಮೆಕ್ಯಾನಿಕ್ ನೋಡುತ್ತಾರೆ. ನಿಮ್ಮ ಮೆಕ್ಯಾನಿಕ್ ಕರೆತಂದು ತೋರಿಸಿದರೂ ನಮಗೇನೂ ಬೇಜಾರಿಲ್ಲ.

ಈಗಾಗಲೇ ಅಡ್ವಾನ್ಸ್ ಕೊಟ್ಟವರಿಗೆ ಹಳೇ ರೇಟೇ. ಅದರಲ್ಲಿ ಚೌಕಾಸಿ ಇಲ್ಲ, ನಮ್ಮ ಕಡೆಯಿಂದಲೂ ಇಲ್ಲ. ಕಾಯಲು ಆಗದು ಅನ್ನುವವರಿಗೆ ಪೂರ್ತಿ ಹಣ ವಾಪಸ್. ಟ್ಯಾಕ್ಸ್ ರಸೀದಿ ನಿಮ್ಮ ಹೆಸರಿನಲ್ಲೇ ಇರುತ್ತದೆ, ಕಟ್ಟಿದ ದಿನವೇ ನಿಮ್ಮ ಮೊಬೈಲಿಗೆ ಬರುತ್ತದೆ.

ನಮ್ಮಿಂದ ಕೊಂಡು ಇನ್ನೂ ಡಿಎಲ್, ಎಚ್‌ಆರ್ (ಹರಿಯಾಣ) ಪ್ಲೇಟಿನಲ್ಲೇ ಓಡಿಸುತ್ತಿರುವವರು ಮುಜುಗರ ಪಡದೆ ಬನ್ನಿ. ಆರ್‌ಸಿ, ಎನ್‌ಒಸಿ, ಇನ್ಶೂರೆನ್ಸ್, ಆಧಾರ್ ತನ್ನಿ. ಇನ್ಶೂರೆನ್ಸ್ ಇನ್ನೂ ಹಳೇ ಮಾಲೀಕರ ಹೆಸರಿನಲ್ಲಿದ್ದರೆ ಮೊದಲು ಅದನ್ನು ಸರಿ ಮಾಡೋಣ. ಸರ್ಕಾರಕ್ಕೆ ಕಟ್ಟುವುದನ್ನು ನೀವು ಕಟ್ಟಿ, ನಮ್ಮ ಓಡಾಟಕ್ಕೆ ಏನೂ ಕೊಡಬೇಡಿ. ಭಾನುವಾರ ಆರ್‌ಟಿಒ ಇರುವುದಿಲ್ಲ, ನಾವಿರುತ್ತೇವೆ. ಕಾಗದ ಪತ್ರ ಅವತ್ತೇ ನೋಡಿಡೋಣ.

ನಿಮ್ಮ,
ಅಂಗಡಿಯವರು
ದಾವಣಗೆರೆ