ಹಿರಿಯರ ಸಂಗೀತ ಕಛೇರಿಗೆ ಆರ್ಕೆಸ್ಟ್ರಾ ಮೈಕ್ ಸೆಟ್ ಬೇಡ

ಮಾನ್ಯ ಸಂಪಾದಕರೇ,

ರಾಮನವಮಿ ಪೆಂಡಾಲಿನಲ್ಲಿ ಹಿರಿಯ ವಿದ್ವಾಂಸರ ಗಾಯನವಿದ್ದರೂ ಆರ್ಕೆಸ್ಟ್ರಾಕ್ಕೆ ಹೊಂದಿಸಿದ ಮೈಕ್ ಸೆಟ್ಟನ್ನೇ ಬಳಸುವುದುಂಟು. 80 ದಾಟಿದವರ ಕಂಠ ಮಂದ್ರಸ್ಥಾಯಿಯಲ್ಲಿ, ಅಂದರೆ ಕೆಳಗಿನ ಸ್ವರಗಳಲ್ಲಿ, ಮೆಲ್ಲಗಿರುತ್ತದೆ. ಕೇಳಿಸುತ್ತಿಲ್ಲವೆಂದು ವಾಲ್ಯೂಮ್ ಏರಿಸಿದರೆ, ಸ್ಪೀಕರಿನ ಸದ್ದು ಮತ್ತೆ ಮೈಕಿಗೇ ನುಗ್ಗಿ 'ಕುಂಯ್' ಎನ್ನುತ್ತದೆ. ಅದಕ್ಕೆ ದೊಡ್ಡ ಸ್ಪೀಕರ್‌ಗಳು ಮೈಕಿಗಿಂತ ಮುಂದೆ, ಜನರ ಕಡೆಗಿರಬೇಕು. ಮೈಕ್ ಬಾಯಿಂದ ಒಂದು ಗೇಣು ದೂರದಲ್ಲಿ, ತುಸು ಓರೆಯಾಗಿರಲಿ. ಎಕೋ ಪೂರ್ತಿ ಬಂದ್. ಇಲ್ಲದಿದ್ದರೆ ಸ್ವರಗಳ ಬಳುಕಾದ ಗಮಕವೆಲ್ಲ ಕಲಸಿಹೋಗುತ್ತದೆ. ಗಾಯಕರ ಮುಂದಿನ ಮಾನಿಟರ್ ಸ್ಪೀಕರಿನಲ್ಲಿ ತಂಬೂರಿ ಚೆನ್ನಾಗಿ ಕೇಳಬೇಕು. ಮೃದಂಗಕ್ಕೆ ಬೇಸ್ ಹೆಚ್ಚಿಸಿದರೆ ಪಿಟೀಲು ಮುಳುಗಿತೆಂದೇ ಲೆಕ್ಕ.

ವೇದಿಕೆಗೆ ಸ್ಟ್ಯಾಂಡ್ ಫ್ಯಾನ್ ಇಡುವವರು ಗಮನಿಸಲಿ: ಮೃದಂಗದ ಎಡಮುಖಕ್ಕೆ ಮೆತ್ತಿದ ರವೆ ಗಾಳಿಗೆ ಬೇಗ ಒಣಗಿ, ನಾದ ಮೇಲೇರುತ್ತದೆ. ಮೈಕಿಗೂ ಗಾಳಿಯ ಬುಸುಬುಸು ತಪ್ಪದು.

ಸನ್ಮಾನವನ್ನು ಕಛೇರಿಗೆ ಮೊದಲೇ ಅಥವಾ ಮಂಗಳದ ನಂತರ ಇಟ್ಟುಕೊಳ್ಳಿ. ಮುಖ್ಯ ರಾಗದ ಹೊತ್ತಿಗೆ ಕಂಠ ಹದಕ್ಕೆ ಬಂದಿರುತ್ತದೆ. ಆಗ ಶಾಲು, ಹಾರ, ಅಧ್ಯಕ್ಷರ ಭಾಷಣವೆಂದು 20 ನಿಮಿಷ ಕೂರಿಸಿದರೆ ಆ ವಯಸ್ಸಿನವರಿಗೆ ಮತ್ತೆ ಕಾವೇರುವುದು ಸುಲಭವಲ್ಲ. ಇನ್ನು ತನಿ ಆವರ್ತನ (ಮೃದಂಗದಂಥ ತಾಳವಾದ್ಯಗಳಷ್ಟೇ ನುಡಿಸುವ ಭಾಗ) ಶುರುವಾದೊಡನೆ ಕಾಫಿಗೆ ಏಳುವವರು ದಯವಿಟ್ಟು ಹಿಂದಿನ ಸಾಲಿನಲ್ಲೇ ಕೂರಲಿ.

– ಸಂಗೀತಾಸಕ್ತರು, ತುಮಕೂರು